ನಡೆಯೋದು ಬಿಟ್ಟೆ, ಟ್ರೋಗನ್ ಸಿಕ್ಕಿತು

"ಮಳೆಕಾಡಲ್ಲಿ ಒಂದೇ ಕಡೆ ಕೂತರೆ ಇಂಬಳ ಬಿಟ್ಟು ಇನ್ನೇನು ಹತ್ತುತ್ತೆ?" ಅಂತ ನಮ್ಮ ಬರ್ಡಿಂಗ್ ಗುಂಪಿನಲ್ಲಿ ನಕ್ಕವರೇ ಜಾಸ್ತಿ. ಹಾಗೆ ಕೂತೇ ಟ್ರೋಗನ್ ಅನ್ನೋ ಕೆಂಪು ಹೊಟ್ಟೆಯ ಕಾಡುಹಕ್ಕಿಯನ್ನು ಕಂಡೆ. ಈಗ ಅವರೇ ಲೊಕೇಶನ್ ಕೇಳುತ್ತಿದ್ದಾರೆ. ಅದನ್ನು ಕೊಡುವುದಿಲ್ಲ. ಹೇಗೆ ಮಾಡಿದೆ ಅಂತ ಹೇಳುತ್ತೇನೆ.

ಆಗುಂಬೆ ಸುತ್ತಿನ ಕಾಡಲ್ಲಿ ಎರಡು ಮೂರು ಚಳಿಗಾಲ ನಾನೂ ಎಲ್ಲರಂತೆ ನಡೆದೇ ನೋಡಿದವನು. ಬೆಳಗ್ಗೆ 6ಕ್ಕೆ ಹೊರಟರೆ 11ರ ಹೊತ್ತಿಗೆ ಕುತ್ತಿಗೆ ಹಿಡಿದಿರುತ್ತಿತ್ತು. ಕಂಡದ್ದು ಎಲೆ ಮರೆಯ ಬಾಲ, ಹಾರಿಹೋಗುವ ಬೆನ್ನು, ಅಷ್ಟೇ. ಒಮ್ಮೆ ದೊಡ್ಡ ಲೆನ್ಸ್ ಬಾಡಿಗೆಗೆ ತಂದೆ. ಆ ಮಬ್ಬು ಬೆಳಕಲ್ಲಿ ಐಎಸ್‌ಒ (ಕ್ಯಾಮೆರಾ ಬೆಳಕು ಹಿಡಿಯುವ ಮಟ್ಟ) 6400ಕ್ಕೆ ಏರಿಸಿದರೂ ಚಿತ್ರಗಳೆಲ್ಲ ಅಲುಗಾಡಿದವು. ಲೆನ್ಸ್, ಜೀಪು, ಹೋಮ್‌ಸ್ಟೇ, ಗೈಡ್ ಎಲ್ಲ ಸೇರಿ ಆ ವಾರಾಂತ್ಯಕ್ಕೆ ಸುಮಾರು 12 ಸಾವಿರ ರೂಪಾಯಿ ಕೈಬಿಟ್ಟಿತು. ಮಲಬಾರ್ ಟ್ರೋಗನ್‌ನ ಕೂಗು ಮಾತ್ರ ಕೇಳಿಸಿತು. "ಅದನ್ನೂ ಲಿಸ್ಟಿಗೆ ಸೇರಿಸಿಕೊಳ್ಳಿ ಸರ್" ಅಂದರು ಗೈಡ್!

ಬೇರೆ ಬೇರೆ ಜಾತಿಯ ಹಕ್ಕಿಗಳು ಒಟ್ಟಾಗಿ ಮೇಯುತ್ತಾ ಸಾಗೋದಕ್ಕೆ ಮಿಶ್ರ ಗುಂಪು ಅಂತಾರೆ. ಗಂಟೆಗಟ್ಟಲೆ ಕಾಡು ಖಾಲಿ, ಆಮೇಲೆ ಹತ್ತು ನಿಮಿಷದಲ್ಲಿ ಎಲ್ಲ ಒಟ್ಟಿಗೆ ಬರುತ್ತವೆ. ನಡೆಯುವವನಿಗೆ ಗುಂಪಿನ ಹಿಂಭಾಗವೇ ಸಿಗೋದು. ಅದು ಬರುವ ದಾರಿಯಲ್ಲಿ ಮೊದಲೇ ಕೂತಿರಬೇಕು. ದಾರಿ ತೋರಿಸಲು ಭೀಮರಾಜ, ಅಂದರೆ ಬಾಲದಲ್ಲಿ ಎರಡು ಉದ್ದ ಗರಿ ಇರುವ ಕಪ್ಪು ಹಕ್ಕಿ, ಇದ್ದಾನಲ್ವಾ? ಬೇರೆ ಹಕ್ಕಿಗಳು ಎಬ್ಬಿಸಿದ ಹುಳ ಹಿಡಿಯಲು ಅವನು ಗುಂಪಿನ ಜೊತೆಗೇ ಇರುತ್ತಾನೆ, ಬಾಯಿಯೂ ಜೋರು. ಅವನ ದನಿ ಎಲ್ಲಿ, ಎಷ್ಟು ಹೊತ್ತಿಗೆ ಅಂತ ಪುಸ್ತಕದಲ್ಲಿ ಗುರುತು ಹಾಕುತ್ತಾ ಹೋದೆ. ಮಧ್ಯೆ ಅವನು ಪನ್ನಗಾರಿಯ (ಹಾವು ಹಿಡಿಯುವ ಹದ್ದು) ಕೂಗನ್ನು ಅಣಕಿಸುತ್ತಾನೆ. ಹಾಗಾಗಿ ಕಣ್ಣಿಗೆ ಬೀಳದೆ ಬರೀ ಕಿವಿಗೆ ಬಿದ್ದ ಪನ್ನಗಾರಿಗಳನ್ನೆಲ್ಲ ಪಟ್ಟಿಯಿಂದ ಹೊಡೆದುಹಾಕಿದೆ.

ಕೊನೆಗೆ ಕೂರಲು ಒಂದು ಮೋರಿ ಕಟ್ಟೆ ಆರಿಸಿದೆ. ಕಾಡೊಳಗಲ್ಲ, ಒಳರಸ್ತೆಯ ಅಂಚಲ್ಲಿ. ಕೆಳಗೆ ಇಳಿಜಾರು, ಅಲ್ಲಿನ ಮರಗಳ ತುದಿ ಸರಿಯಾಗಿ ನಮ್ಮ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಕುತ್ತಿಗೆ ಉಳಿಯಿತು, ಜೀಪಿನ ದುಡ್ಡೂ ಉಳಿಯಿತು. ಹಳೇ 8×42 ಬೈನಾಕ್ಯುಲರ್, ಬಸ್ಸು, ಒಂದು ರಾತ್ರಿ ಉಳಿಯೋದು: 2 ಸಾವಿರದೊಳಗೆ ಮುಗಿಯುತ್ತದೆ.

ಮೊದಲ ಕೆಲವು ಬೆಳಗು ಏನೂ ಬರಲಿಲ್ಲ. ಆಮೇಲೊಂದು ದಿನ 9ರ ಸುಮಾರಿಗೆ ಭೀಮರಾಜ ಕೂಗಿದ. ಹಿಂದೆಯೇ ಹಳದಿ ಹುಬ್ಬಿನ ಪಿಕಳಾರ, ಚಿತ್ರಪಕ್ಷಿ, ಮರಕುಟಿಗ, ಚಳಿಗಾಲಕ್ಕೆ ಬಂದ ಎಲೆ ಉಲಿಯಕ್ಕಿಗಳು. ಇಪ್ಪತ್ತರ ಹತ್ತಿರ ಜಾತಿ ಇರಬೇಕು. ಕೊನೆಗೆ ಗಂಡು ಟ್ರೋಗನ್, ಹದಿನೈದು ಅಡಿ ದೂರದಲ್ಲಿ. ಅದರ ಚಾಳಿ ಗೊತ್ತಲ್ಲ, ಮನುಷ್ಯರನ್ನು ಕಂಡರೆ ಬೆನ್ನು ತಿರುಗಿಸಿ ಕೂರುತ್ತದೆ. ನಾನು ಅಲುಗಾಡಲಿಲ್ಲ. ತಾನಾಗೇ ತಿರುಗಿ ಕೆಂಪು ಹೊಟ್ಟೆ ತೋರಿಸಿತು.

ಇಂಬಳಕ್ಕೂ ಪ್ರಯೋಗ ನಡೆಯಿತು. ಉಪ್ಪು ಒದ್ದೆಯಲ್ಲಿ ತೊಳೆದುಹೋಗುತ್ತದೆ. ಹೊಗೆಸೊಪ್ಪಿನ ನೀರು ಪರವಾಗಿಲ್ಲ, ಆದರೆ ವಾಸನೆಗೆ ನನಗೇ ತಲೆ ಸುತ್ತಿತು. ಇಂಬಳ ತಡೆಯುವ ಕಾಲುಚೀಲವೇ ಸರಿ. ಕಪ್ಪು ಕೊಡೆಯನ್ನು ಮರೆಯಾಗಿ ಹಿಡಿದು ನೋಡಿದೆ, ಉಪಯೋಗವಾಗಲಿಲ್ಲ. ರೆಕಾರ್ಡ್ ಮಾಡಿದ ಕೂಗು ನುಡಿಸಿ ಹಕ್ಕಿಯನ್ನು ಕರೆಯುವುದು ನನಗೆ ಆಗದ ಕೆಲಸ.

ಗುಂಪು ಬರುವ ಹತ್ತು ನಿಮಿಷ ಮೊದಲು ಬೇರೊಂದು ಹಕ್ಕಿ ಸುಳಿವು ಕೊಡುತ್ತದೆ. ಯಾವುದು ಅಂತ ಕೂತು ನೀವೇ ಕಂಡುಕೊಳ್ಳಿ.

ನವೆಂಬರ್‌ನಿಂದ ಜನವರಿವರೆಗೆ ಹೋಗಿ. ಫೆಬ್ರವರಿ ನಂತರ ಜೋಡಿ ಕಟ್ಟಿಕೊಂಡು ಗುಂಪು ಚದುರುತ್ತದೆ. ಕಪ್ಪೆಬಾಯಿ ಅನ್ನೋ ರಾತ್ರಿಹಕ್ಕಿಗೆ ಮಾತ್ರ ಈ ಉಪಾಯ ನಡೆಯುವುದಿಲ್ಲ. ಅದು ಹಗಲೆಲ್ಲ ಒಣಗಿದ ಎಲೆಯಂತೆ ಕೂತೇ ಇರುತ್ತದೆ. ಅದಕ್ಕೆ ನಾನು ಈಗಲೂ ಗೈಡ್‌ಗೆ ದುಡ್ಡು ಕೊಡುತ್ತೇನೆ.