ತೂಬಿನ ಪಕ್ಕ ಕೆಂಪು ನೀರು ಬಂದಾಗ

ಹೊಸದುರ್ಗದ ಕಡೆ ನಮ್ಮ ಅಡಿಕೆ ತೋಟದ ಮೇಲ್ಗಡೆ ಒಂದು ಸಣ್ಣ ಹಳ್ಳ ಹರಿಯುತ್ತದೆ. ಅದಕ್ಕೆ ಅಡ್ಡಲಾಗಿ ನಾನೇ ಮಣ್ಣಿನ ಏರಿ ಹಾಕಿಸಿದ್ದೆ. 180 ಅಡಿ ಉದ್ದ, ನಡುವೆ 12 ಅಡಿ ಎತ್ತರ. ಮೊದಲ ವರ್ಷಗಳಲ್ಲಿ ಅರ್ಧ ತುಂಬಿದ್ದೇ ಹೆಚ್ಚು. ವಾಣಿವಿಲಾಸ ಸಾಗರ ಜಲಾಶಯ 1933ರ ನಂತರ ಮೊದಲ ಸಲ ಕೋಡಿ ಬಿದ್ದ 2022ರಲ್ಲಿ ನಮ್ಮದೂ ತುಂಬಿತು.

ಒಂದು ಬೆಳಗ್ಗೆ ಏರಿ ಹಿಂದೆ ಹೋಗಿ ನೋಡಿದರೆ ತೂಬಿನ, ಅಂದರೆ ಏರಿಯಡಿಯಿಂದ ನೀರು ಹೊರಬಿಡುವ ಬಾಯಿಯ, ಪೈಪಿನ ಪಕ್ಕ ಬೆರಳು ಗಾತ್ರದ ನೀರು. ಮಣ್ಣಿನ ಏರಿ ಅಂದಮೇಲೆ ಅಷ್ಟಿಷ್ಟು ಜಿನುಗುತ್ತದೆ. ತಿಳಿಯಾಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಇದು ಕೆಂಪಗಿತ್ತು. ಏರಿಯ ಮಣ್ಣೇ ಒಳಗಿನಿಂದ ಕೊಚ್ಚಿ ಬರುತ್ತಿತ್ತು.

ಕೆಳಗೆ ಎರಡು ಮನೆ ಇವೆ. ಮೊದಲು ಅಲ್ಲಿಗೆ ಓಡಿ ಹೇಳಿದೆ. ಸೋರುವ ಬಾಯಿಗೆ ಜೇಡಿಮಣ್ಣು ಮೆತ್ತಲು ಹೊರಟವನನ್ನು ಹಿಂದೆ ಊರಿನ ಕೆರೆ ನೀರು ಬಿಡುತ್ತಿದ್ದ ಹಳೇ ನೀರುಗಂಟಿ ಅಜ್ಜ ತಡೆದರು. "ನೀರು ಬರ್ಲಿ ಬಿಡಪ್ಪ, ಮಣ್ಣು ಬರ್ಬಾರ್ದು." ಬಾಯಿ ಮುಚ್ಚಿದರೆ ನೀರು ಏರಿಯೊಳಗೇ ಬೇರೆ ದಾರಿ ಹುಡುಕುತ್ತದೆ. ಅದಕ್ಕೇ ನೀರು ಮಾತ್ರ ಸೋಸಿ ಬರುವಂತೆ ಆ ಬಾಯಿ ಮೇಲೆ ಮರಳು ಸುರಿದು, ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದಪ್ಪ ಕಲ್ಲು ಹೇರಿದೆವು. ಸಂಜೆ ಹೊತ್ತಿಗೆ ನೀರು ತಿಳಿಯಾಯಿತು. ತೂಬು ಎತ್ತಿ, ಪಂಪು ಇಟ್ಟು ನಾಲ್ಕು ದಿನದಲ್ಲಿ ನೀರಿಳಿಸಿದೆ. ಒಂದೇ ರಾತ್ರಿ ಖಾಲಿ ಮಾಡಿದ್ದರೆ ನೀರಿನ ಕಡೆಯ ನೆನೆದ ಮೈ ತನ್ನ ಭಾರಕ್ಕೇ ಜಾರಿಬಿಡುತ್ತಿತ್ತೇನೋ.

ಬೇಸಿಗೆಯಲ್ಲಿ ಅಗೆಸಿದಾಗ ಕಾರಣ ಕಂಡಿತು. ಪೈಪಿನ ಹೊಟ್ಟೆಯಡಿ ಮಣ್ಣು ಸಡಿಲವಾಗಿತ್ತು. ಜೆಸಿಬಿಯಲ್ಲಿ ಮೇಲಿನಿಂದ ಸುರಿದಿದ್ದರು, ಪೈಪಿನಡಿ ಯಾರೂ ದಮ್ಮಸು ಮಾಡಿರಲಿಲ್ಲ, ಅಂದರೆ ಬಡಿದು ಗಟ್ಟಿ ಮಾಡಿರಲಿಲ್ಲ. ಆ ದಿನ ನಾನು ಅಲ್ಲಿರಲಿಲ್ಲ, ಇರಬೇಕಿತ್ತು.

ಈ ಸಲ ಪೈಪಿನ ಸುತ್ತ ಜೇಡಿಮಣ್ಣನ್ನು ಆರು ಇಂಚಿಗಿಂತ ದಪ್ಪ ಹಾಕಲು ಬಿಡಲಿಲ್ಲ. ಒಂದೊಂದು ಪದರವನ್ನೂ ಕೈಯಿಂದಲೇ ದಮ್ಮಸು ಮಾಡಿಸಿದೆ. ಹದ ನೋಡುವುದು ಸುಲಭ: ಹಿಡಿ ಮಣ್ಣು ಅದುಮಿದರೆ ಉಂಡೆಯಾಗಬೇಕು, ಅಂಗೈಗೆ ಅಂಟಬಾರದು. ಹೊರತುದಿಯಲ್ಲಿ ಪೈಪಿನ ಸುತ್ತ ಮರಳು, ಜಲ್ಲಿ ಕಾಯಂ ಇಟ್ಟೆ. ಏರಿ ಮೇಲೆ ಎದ್ದಿದ್ದ ಬಳ್ಳಾರಿ ಜಾಲಿ ಸಸಿಗಳನ್ನು ಬೇರು ಸಮೇತ ಕಿತ್ತು ಗರಿಕೆ ಹಚ್ಚಿದೆ. ಬೇರು ಕೊಳೆತರೆ ಅದೇ ನೀರಿಗೆ ದಾರಿ. ಕೋಡಿ ಮಾತ್ರ ಮೊದಲೇ ಸರಿಯಿತ್ತು, ಪಕ್ಕದ ಗಟ್ಟಿ ನೆಲದಲ್ಲಿ, ಏರಿ ತಲೆಗಿಂತ ಮೂರಡಿ ಕೆಳಗೆ.

ಈಗಲೂ ದೊಡ್ಡ ಮಳೆ ಬಂದ ಮರುದಿನ ಗಾಜಿನ ಲೋಟ ಹಿಡಿದು ಏರಿ ಹಿಂದೆ ಹೋಗುತ್ತೇನೆ. ಜಿನುಗುವ ನೀರನ್ನು ಲೋಟಕ್ಕೆ ಹಿಡಿದು, ತಳದಲ್ಲಿ ಮಣ್ಣು ಕೂರುತ್ತದೆಯೇ ಎಂದು ಕಾಯುತ್ತೇನೆ.