ವಾಷಿಂಗ್ಟನ್‌ನ ಕೆರೆ ದಂಡೆಗೆ ಬರುವ ನಮ್ಮ ಕಡೆಯವರಿಗೆ

ಕಾರವಾರ, ಅಂಕೋಲಾ, ಕುಮಟಾ ಕಡೆಯಿಂದ ಸಿಯಾಟಲ್‌ಗೆ ಬರುವವರು ಮೊದಲು ಕೇಳುವುದು ಮನೆ ಬಾಡಿಗೆ, ಆಮೇಲೆ ಮೀನು. ಬಾಂಗಡೆ ಸಿಗುತ್ತಾ, ಇಸ್ವಣ ಸಿಗುತ್ತಾ? ಸಿಗುತ್ತದೆ, ಕಲ್ಲಿನ ಹಾಗೆ ಹೆಪ್ಪುಗಟ್ಟಿದ್ದು. ರುಚಿಯ ಮಾತು ಬೇಡ. ಹಾಗಾಗಿ ಆಫೀಸಿನ ಯಾರಾದರೂ ‘ಶನಿವಾರ ಟ್ರೌಟ್ ಹಿಡಿಯೋಕೆ ಹೋಗ್ತಿದ್ದೀವಿ, ಬರ್ತೀಯಾ’ ಎಂದರೆ ನಮ್ಮವರು ಹಿಂದೆಮುಂದೆ ನೋಡದೆ ಹೊರಟೇಬಿಡುತ್ತಾರೆ. ಹೋಗಿ, ಖಂಡಿತ ಹೋಗಿ. ಇಲ್ಲಿಯ ಜನರ ಜೊತೆ ಬೆರೆಯಲು ಕೆರೆ ದಂಡೆಯಷ್ಟು ಒಳ್ಳೆಯ ಜಾಗ ನಾನು ಕಂಡಿಲ್ಲ. ಹೊರಡುವ ಮುಂಚೆ ಒಂದಿಷ್ಟು ಕೇಳಿಸಿಕೊಳ್ಳಿ. ಮುಖ್ಯವಾಗಿ ಪಿಸ್ತೂಲಿನ ವಿಷಯ. ನಮ್ಮ ಹುಡುಗರಿಗೆ ಅದನ್ನು ಯಾರೂ ಹೇಳುವುದಿಲ್ಲ.

ಮೊದಲು ಕಾಗದದ ಕೆಲಸ. ಕಾಳಿ ದಡದಲ್ಲಿ ಕೂತು ಗಾಳ ಹಾಕಿದರೆ ಯಾರೂ ಬಂದು ಚೀಟಿ ಕೇಳುವುದಿಲ್ಲ, ಅಲ್ವಾ? ಇಲ್ಲಿ ಕೇಳುತ್ತಾರೆ. ವಾಷಿಂಗ್ಟನ್ ರಾಜ್ಯದಲ್ಲಿ 15 ವರ್ಷ ತುಂಬಿದವರೆಲ್ಲ ಲೈಸೆನ್ಸ್ ಮಾಡಿಸಬೇಕು. ಅದರ ವರ್ಷ ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ. ಅಂದರೆ ಫೆಬ್ರುವರಿಯಲ್ಲಿ ಇಡೀ ವರ್ಷದ್ದನ್ನು ಕೊಂಡರೆ ದುಡ್ಡು ನೀರಿಗೆ ಹಾಕಿದಂತೆ. ರಾಜ್ಯದಲ್ಲಿ 90 ದಿನ ನೆಲೆಸಿದ ಮೇಲೆ ಸ್ಥಳೀಯರ ದರ ಸಿಗುತ್ತದೆ, ಹೊರಗಿನವರ ದರಕ್ಕಿಂತ ಬಹಳ ಕಡಿಮೆ. ಆತುರ ತಡೆಯಲಾಗದವರು ಒಂದೆರಡು ದಿನದ ಲೈಸೆನ್ಸ್ ತೆಗೆದುಕೊಳ್ಳಿ.

ನಿಯಮಗಳು ಕೆರೆಕೆರೆಗೂ ಬೇರೆ. ಯಾವ ನೀರು ಯಾವಾಗ ತೆರೆದಿದೆ, ಎಷ್ಟು ಮೀನು ಇಟ್ಟುಕೊಳ್ಳಬಹುದು ಎಂಬುದನ್ನು ಮೀನುಗಾರಿಕೆ ಇಲಾಖೆಯ ‘ಫಿಶ್ ವಾಷಿಂಗ್ಟನ್’ ಆ್ಯಪ್‌ನಲ್ಲಿ ಹೊರಡುವ ದಿನವೇ ನೋಡಿ. ಮಧ್ಯದಲ್ಲಿ ತುರ್ತು ಬದಲಾವಣೆಗಳು ಬರುತ್ತಲೇ ಇರುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲರ್‌ಗಳು ಬೈತ್‌ಕೋಲ್ ಬಂದರಿನಲ್ಲೇ ನಿಲ್ಲುವುದನ್ನು ನೋಡಿ ಬೆಳೆದವರಿಗೆ ಬಂದ್ ಹೊಸದಲ್ಲ. ಇಲ್ಲಿ ದೋಣಿಗಷ್ಟೇ ಅಲ್ಲ, ನಿಮ್ಮ ಕೈಯ ಒಂದು ಗಾಳಕ್ಕೂ ಅದು ಅನ್ವಯ. ಬೀಸುಬಲೆಯನ್ನಂತೂ ಬ್ಯಾಗಿಗೆ ಹಾಕಿಕೊಂಡು ಬರಬೇಡಿ. ಟ್ರೌಟ್, ಬಾಸ್‌ಗಳನ್ನು ಗಾಳದಿಂದ ಮಾತ್ರ ಹಿಡಿಯಬೇಕು.

ನದಿಗೆ ಹೋದರೆ ಇನ್ನೊಂದು ಸೂಕ್ಷ್ಮ ಇದೆ. ಸ್ಟೀಲ್‌ಹೆಡ್ (ಕಡಲಿಗೆ ಹೋಗಿ ನದಿಗೆ ಮರಳುವ ಟ್ರೌಟ್) ಅಥವಾ ಸಾಲ್ಮನ್ ಸಿಕ್ಕರೆ ಮೊದಲು ಅದರ ಬೆನ್ನು ನೋಡಿ. ಬೆನ್ನಿನ ದೊಡ್ಡ ರೆಕ್ಕೆಗೂ ಬಾಲಕ್ಕೂ ನಡುವೆ ಕಿರುಬೆರಳ ತುದಿಯಷ್ಟು ಮೆತ್ತಗಿನ ಇನ್ನೊಂದು ರೆಕ್ಕೆ ಇರುತ್ತದೆ. ಸಾಕಣೆ ಕೇಂದ್ರದಲ್ಲಿ ಮರಿ ಮಾಡಿ ಬಿಟ್ಟ ಮೀನಿಗೆ ಅದನ್ನು ಮೊದಲೇ ಕತ್ತರಿಸಿರುತ್ತಾರೆ. ಆ ಜಾಗದಲ್ಲಿ ಬೆರಳಾಡಿಸಿದರೆ ವಾಸಿಯಾದ ಗಾಯದ ನುಣುಪು ಸಿಗುತ್ತದೆ. ಸ್ಟೀಲ್‌ಹೆಡ್‌ಗೆ ರೆಕ್ಕೆ ಇದ್ದರೆ ಅದು ಕಾಡುಮೀನು, ಬಿಟ್ಟುಬಿಡಬೇಕು. ಫೋಟೋ ಬೇಕೆಂದು ಅದನ್ನು ಪೂರ್ತಿ ನೀರಿನಿಂದ ಮೇಲೆತ್ತುವುದೂ ತಪ್ಪು. ಸಾಲ್ಮನ್‌ಗೆ ಆಯಾ ನದಿಯ ನಿಯಮ ನೋಡಿ.

ನದಿಯಲ್ಲಿ ಬಲೆ ಕಂಡರೆ ಗೊಣಗಬೇಡಿ. ಅದು ಮೂಲನಿವಾಸಿ ಬುಡಕಟ್ಟುಗಳದ್ದು. 1850ರ ದಶಕದ ಒಪ್ಪಂದಗಳಲ್ಲಿ ಅವರು ಭೂಮಿ ಬಿಟ್ಟುಕೊಟ್ಟರು, ಮೀನಿನ ಹಕ್ಕು ಉಳಿಸಿಕೊಂಡರು. ಹಿಡಿಯಬಹುದಾದ ಮೀನಿನಲ್ಲಿ ಅರ್ಧ ಪಾಲು ಅವರದು ಎಂದು 1974ರಲ್ಲಿ ನ್ಯಾಯಾಧೀಶ ಜಾರ್ಜ್ ಬೋಲ್ಟ್ ತೀರ್ಪು ಕೊಟ್ಟರು. ‘ನಮಗೆ ಗಾಳ, ಅವರಿಗೆ ಬಲೆಯಾ’ ಎಂದು ಪಕ್ಕದವನು ಸಿಡುಕಿದರೆ ನೀವು ದನಿಗೂಡಿಸಬೇಡಿ. ಸೀಬರ್ಡ್ ನೌಕಾನೆಲೆಗಾಗಿ ಊರು, ಕಡಲತೀರ ಬಿಟ್ಟ ಕುಟುಂಬಗಳನ್ನು ಕಂಡ ಕಾರವಾರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಪಿಸ್ತೂಲು. ಸಂಜೆ ಬೆಂಕಿ ಸುತ್ತ ಕೂತಾಗ ಯಾರದ್ದಾದರೂ ಸೊಂಟದಲ್ಲಿ ರಿವಾಲ್ವರ್ ಕಂಡರೆ ಗಾಬರಿಯಾಗಬೇಡಿ. ಕಾಡಿಗೆ ಬರುವಾಗ ಕರಡಿ, ಕೂಗರ್ ಎಂಬ ಬೆಟ್ಟದ ಸಿಂಹದ ಭಯಕ್ಕೆ ಇಟ್ಟುಕೊಳ್ಳುತ್ತಾರೆ, ಅಭ್ಯಾಸಕ್ಕೂ ಇಟ್ಟುಕೊಳ್ಳುತ್ತಾರೆ. ಶಿರಸಿ, ಸಿದ್ದಾಪುರ ಕಡೆ ತೋಟದ ಮನೆಗಳಲ್ಲಿ ಹಂದಿ, ಮಂಗನ ಕಾಟಕ್ಕೆ ಲೈಸೆನ್ಸ್ ಕೋವಿ ಇರುತ್ತದಲ್ಲ, ಚುನಾವಣೆ ಬಂತೆಂದರೆ ಠಾಣೆಗೆ ಒಯ್ದು ಇಡುತ್ತಾರಲ್ಲ, ಅಂಥ ಮನೆಯಿಂದ ಬಂದವರಿಗೆ ಬಂದೂಕೆಂದರೆ ಅಷ್ಟೇನೂ ಅಚ್ಚರಿಯಿಲ್ಲ. ಅಂಥವರಿಗೇ ಅಪಾಯ ಜಾಸ್ತಿ. ಎರಡು ಬಿಯರ್ ಆದ ಮೇಲೆ ಯಾರೋ ಪ್ರೀತಿಯಿಂದಲೇ ಪಿಸ್ತೂಲು ಚಾಚಿ ‘ತಗೋ, ಆ ಡಬ್ಬಿಗೆ ಒಂದು ಹೊಡಿ’ ಎನ್ನುತ್ತಾರೆ. ನಮ್ಮವರು ಸುಮ್ನೆ ಕೈ ಚಾಚುತ್ತಾರೆ.

ಚಾಚಬೇಡಿ. ಎಚ್-1ಬಿ, ಎಚ್-4, ಎಲ್-1, ಎಫ್-1 ಮುಂತಾದ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳುವುದನ್ನು ಅಮೆರಿಕದ ಕೇಂದ್ರ ಕಾನೂನು ನಿಷೇಧಿಸುತ್ತದೆ. ಅದು ನಿಮ್ಮ ಸ್ವಂತದ್ದೇ ಆಗಿರಬೇಕೆಂದಿಲ್ಲ. ಗೆಳೆಯನದ್ದು ನಿಮ್ಮ ಕೈಯಲ್ಲಿದ್ದರೂ ನಿಮ್ಮ ವಶದಲ್ಲಿದ್ದಂತೆಯೇ. 2022ರ ತಿದ್ದುಪಡಿಯ ನಂತರ ಗರಿಷ್ಠ ಶಿಕ್ಷೆ 15 ವರ್ಷ ಜೈಲು, ಗಡೀಪಾರು ಬೇರೆ. ಬೇಟೆ ಲೈಸೆನ್ಸ್ ಇದ್ದವರಿಗೆ ಒಂದು ವಿನಾಯಿತಿ ಉಂಟು. ಮೀನಿನ ಲೈಸೆನ್ಸ್ ಬೇಟೆ ಲೈಸೆನ್ಸ್ ಆಗುವುದಿಲ್ಲ, ರಾಜ್ಯದ ಕಾನೂನು ಮತ್ತೆ ಬೇರೆ. ಆ ದಾರಿ ಬೇಕೆಂದರೆ ವಕೀಲರಿಗೆ ದುಡ್ಡು ಕೊಟ್ಟು ಕೇಳಿ, ಕ್ಯಾಂಪಿನಲ್ಲಿ ಸಿಕ್ಕವರನ್ನು ಕೇಳಬೇಡಿ. ‘ಏನಾಗಲ್ಲ ಬಾರೋ’ ಎನ್ನುವವನು ಅಮೆರಿಕದ ಪ್ರಜೆ, ಅವನಿಗೆ ಗಡೀಪಾರಿನ ಭಯವಿಲ್ಲ.

ಬೇಡ ಎನ್ನುವುದು ಕಷ್ಟವೇನಲ್ಲ. ‘ನನ್ನ ವೀಸಾಕ್ಕೆ ಆಗಲ್ಲ ಮಾರಾಯ’ ಅನ್ನಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಬಂದೂಕಿನ ಶಿಸ್ತು ಗೊತ್ತಿದ್ದವರು ಅಲ್ಲಿಗೇ ಅದನ್ನು ಒಳಗಿಡುತ್ತಾರೆ. ಕುಡಿದು ಪಿಸ್ತೂಲು ಆಡಿಸುವ ಗುಂಪಾದರೆ ಟೆಂಟ್ ಮಡಚಿಕೊಂಡು ವಾಪಸ್ ಬನ್ನಿ, ಮುಲಾಜು ಬೇಡ. ಗ್ರೀನ್ ಕಾರ್ಡ್ ಬಂದವರಿಗೆ ಈ ವೀಸಾ ನಿಷೇಧ ಇಲ್ಲ. ಆದರೆ ಗಾಂಜಾ ಸೇದುವವರಿಗೆ ಬಂದೂಕು ಕೇಂದ್ರ ಕಾನೂನಿನಲ್ಲಿ ನಿಷಿದ್ಧ, ಈ ರಾಜ್ಯದಲ್ಲಿ ಗಾಂಜಾ ಅಂಗಡಿಯಲ್ಲೇ ಸಿಕ್ಕರೂ ಸಹ.

ಹಾಗಾದರೆ ಕರಡಿ ಬಂದರೆ? ಇಲ್ಲಿರುವುದು ಹೆಚ್ಚಾಗಿ ಕಪ್ಪು ಕರಡಿ. ಬೇರ್ ಸ್ಪ್ರೇ ಕೊಳ್ಳಿ, ಅದು ಮೆಣಸಿನ ಖಾರದ ಡಬ್ಬಿ, ಸುಮಾರು 9 ಮೀಟರ್ ದೂರ ಚಿಮ್ಮುತ್ತದೆ. ಬ್ಯಾಗಿನ ತಳದಲ್ಲಿಡದೆ ಬೆಲ್ಟಿಗೆ ಸಿಕ್ಕಿಸಿಕೊಳ್ಳಿ. ವಿಮಾನದಲ್ಲಿ ಕ್ಯಾಬಿನ್ ಬ್ಯಾಗಿಗೂ ಆಗದು, ಚೆಕ್-ಇನ್ ಬ್ಯಾಗಿಗೂ ಆಗದು. ಅದಕ್ಕಿಂತ ಮುಖ್ಯ, ವಾಸನೆ. ಮೀನು ಹುರಿದ ಶರ್ಟು ಹಾಕಿಕೊಂಡು ಟೆಂಟಿನಲ್ಲಿ ಮಲಗಬೇಡಿ. ಮಸಾಲೆ ಡಬ್ಬಿ, ಎಣ್ಣೆ, ಬಾಣಲೆ ಎಲ್ಲವೂ ಕಾರಿಗೋ ಕರಡಿ ತೆರೆಯಲಾಗದ ಪೆಟ್ಟಿಗೆಗೋ ಹೋಗಬೇಕು.

ನೀರಿನ ಬಗ್ಗೆ ಒಂದು ಮಾತು. ಕಾಳಿಯಲ್ಲಿ, ಗಂಗಾವಳಿಯಲ್ಲಿ ಈಜಿ ಬೆಳೆದವರಿಗೆ ಧೈರ್ಯ ಜಾಸ್ತಿ. ಇಲ್ಲಿ ಮೇ ತಿಂಗಳ ಬಿಸಿಲಲ್ಲೂ ಬೆಟ್ಟದ ಕೆರೆಯ ನೀರು ಹಿಮ ಕರಗಿದ್ದು. ಬಿದ್ದ ಕೂಡಲೇ ತಡೆಯಲಾಗದಂತೆ ಏದುಸಿರು ಬರುತ್ತದೆ, ಆ ಉಸಿರಿನಲ್ಲೇ ನೀರು ಒಳಗೆ ಹೋಗುತ್ತದೆ. ಈಜು ಬಂದರೂ ಲೈಫ್ ಜಾಕೆಟ್ ಹಾಕಿಕೊಳ್ಳಿ.

ಇನ್ನು ಅಡುಗೆ. ಮೊದಲ ಸಲಕ್ಕೆ ನನ್ನ ಸಲಹೆ ಯೆಲ್ಲೋ ಪರ್ಚ್. ಲೇಕ್ ಸಮ್ಮಾಮಿಶ್‌ನಲ್ಲಿ, ಲೇಕ್ ವಾಷಿಂಗ್ಟನ್‌ನಲ್ಲಿ ಇದೆ. ಎರೆಹುಳ ಸಿಕ್ಕಿಸಿ ತಳದ ಹತ್ತಿರ ಬಿಟ್ಟರೆ ಸಾಕು, ಹಿಂಡಿನಲ್ಲಿ ಓಡಾಡುವ ಮೀನು, ಒಂದು ಸಿಕ್ಕಿದ ಕಡೆ ಇನ್ನಷ್ಟು ಸಿಗುತ್ತವೆ. ಗಟ್ಟಿ ಬಿಳಿ ಮಾಂಸ, ನಮ್ಮ ಮಸಾಲೆಗೆ ಹೇಳಿ ಮಾಡಿಸಿದ್ದು. ಆದರೆ ಲೇಕ್ ವಾಷಿಂಗ್ಟನ್ ಮೀನನ್ನು ಎಷ್ಟು ತಿನ್ನಬಹುದೆಂದು ರಾಜ್ಯದ ಆರೋಗ್ಯ ಇಲಾಖೆಯ ಸಲಹೆ ಇದೆ, ಬಸುರಿಯರು, ಮಕ್ಕಳು ಇರುವ ಮನೆಯವರು ಓದಿಕೊಳ್ಳಿ. ಟ್ರೌಟ್ ಮೆತ್ತಗಿನ ಮೀನು. ಸಾರಿಗೆ ಹಾಕಿದರೆ ಪುಡಿಪುಡಿ, ಹುರಿಯುವುದೇ ವಾಸಿ. ಅದರ ಹುರುಪೆ ತೀರಾ ಸಣ್ಣದು, ಕೆರೆಯಬೇಕಾಗಿಲ್ಲ.

ಹೊಟ್ಟೆ ಸೀಳಿ ಕರುಳು ತೆಗೆದ ಮೇಲೆ ಬೆನ್ನುಮೂಳೆಗೆ ಅಂಟಿಕೊಂಡು ಕಪ್ಪುಗೆಂಪಿನ ಒಂದು ಪಟ್ಟಿ ಕಾಣುತ್ತದೆ. ಅದರ ಮೇಲಿನ ತೆಳು ಪೊರೆಯನ್ನು ಚಾಕುವಿನ ಮೊನೆಯಿಂದ ಗೀರಿ, ಹೆಬ್ಬೆರಳ ಉಗುರಿನಿಂದ ಬಾಲದ ಕಡೆಯಿಂದ ತಲೆಯ ಕಡೆಗೆ ಉಜ್ಜುತ್ತಾ ಪೂರ್ತಿ ತೆಗೆಯಿರಿ. ಇದು ಉಳಿದರೆ ಮೀನು ಕಹಿ. ‘ಸಿಹಿನೀರ ಮೀನು ಕೆಸರು ವಾಸನೆ’ ಎಂದು ನಮ್ಮವರು ಮೂಗು ಮುರಿಯುತ್ತಾರಲ್ಲ, ಅದಕ್ಕೆ ಕಾರಣ ಜಿಯೋಸ್ಮಿನ್ ಎಂಬ ವಸ್ತು. ನೀರಿನ ಸೂಕ್ಷ್ಮಜೀವಿಗಳಿಂದ ಮೀನಿನ ಮೈಗೆ ಸೇರುತ್ತದೆ. ಹುಳಿ ತಾಗಿದರೆ ಒಡೆಯುತ್ತದೆ. ಹುಳಿಗೆ ನಮ್ಮಲ್ಲಿ ಬರವೇ? ಕೋಕಂ ನೆನೆಸಿದ ಗಟ್ಟಿ ನೀರು, ಉಪ್ಪು, ಅರಿಶಿನ ಹಚ್ಚಿ ಕಾಲು ಗಂಟೆ ಬಿಡಿ. ನೀರು ಬಸಿದು ಬ್ಯಾಡಗಿ ಮೆಣಸಿನ ಪುಡಿ, ಶುಂಠಿ, ಬೆಳ್ಳುಳ್ಳಿ ಅರೆದು ಸವರಿ. ರವೆಗೆ ಸ್ವಲ್ಪ ಅಕ್ಕಿಹಿಟ್ಟು ಸೇರಿಸಿ ಹೊರಳಿಸಿ ಕಬ್ಬಿಣದ ಬಾಣಲೆಗೆ ಬಿಡಿ. ಅಂಚು ಕೆಂಪಾಗಿ ತಾನಾಗಿ ಬಿಟ್ಟುಕೊಳ್ಳುವವರೆಗೆ ಕೈಯಾಡಿಸಬೇಡಿ. ಒಮ್ಮೆ ಮಾತ್ರ ಮಗುಚಿ.

ಪರ್ಚ್ ಸಾರಿಗೆ ತಿರಫಲ ಸಿಗದಿದ್ದರೆ ಚೀನೀ ಅಂಗಡಿಯ ಸಿಚುವಾನ್ ಮೆಣಸು ಹಾಕಿ, ಎರಡೂ ಒಂದೇ ಕುಲದ ಗಿಡಗಳು. ಪರಿಮಳ ಸ್ವಲ್ಪ ಬೇರೆ, ನಾಲಿಗೆ ಜುಮ್ಮೆನ್ನುವುದು ಅದೇ. ಬೇಸಿಗೆಯಲ್ಲಿ ಬೆಂಕಿ ನಿಷೇಧ ಇರುವುದು ಸಾಮಾನ್ಯ, ಗ್ಯಾಸ್ ಸ್ಟೌವ್ ಜೊತೆಗಿರಲಿ. ಹಸಿ ಮೀನು ತಿನ್ನುವ ಸಾಹಸ ಮಾತ್ರ ಬೇಡ, ಸಿಹಿನೀರ ಮೀನಿನಲ್ಲಿ ಲಾಡಿಹುಳು ಇರಬಹುದು.

ಪಿಸ್ತೂಲು ಮುಟ್ಟದವನಿಗೆ ಗುಂಪಿನಲ್ಲಿ ಏನು ಜಾಗ ಎಂದು ಚಿಂತೆ ಬೇಡ. ರವಾ ಫ್ರೈ ಮೊದಲ ತಟ್ಟೆ ಖಾಲಿಯಾಗುವಷ್ಟರಲ್ಲಿ ಮುಂದಿನ ಸಲದ ಅಡುಗೆ ನಿಮ್ಮ ತಲೆಗೆ ಬಿದ್ದಿರುತ್ತದೆ. ಮೀನು ಮುಟ್ಟದ ಶಿರಸಿಯ ಹವ್ಯಕ ಗೆಳೆಯರೂ ಬರಲಿ. ಅವರ ಅಪ್ಪೆಹುಳಿ ಕುಡಿದವರು ಅವರನ್ನು ಬಿಟ್ಟು ಹೋಗುವುದಿಲ್ಲ.

ಊರಿಂದ ಹೊರಡುವಾಗ ಕಾರವಾರದ ಭಾನುವಾರದ ಸಂತೆಯಲ್ಲಿ ಚೆನ್ನಾಗಿ ಒಣಗಿದ ಕೋಕಂ ಸಿಪ್ಪೆ ತೆಗೆದುಕೊಳ್ಳಿ, ಬೀಜ ಇರದಂತೆ ನೋಡಿ. ಕಸ್ಟಮ್ಸ್‌ನವರಿಗೆ ತಿನ್ನುವ ಸಾಮಾನು ಇದೆ ಎಂದೇ ಹೇಳಿ, ಬಚ್ಚಿಟ್ಟರೆ ದಂಡ. ಹಸಿ ಕರಿಬೇವು ತರಲೇಬೇಡಿ, ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ. ಅದು ಇಲ್ಲಿಯ ಇಂಡಿಯನ್ ಅಂಗಡಿಗಳಲ್ಲೇ ಸಿಗುತ್ತದೆ, ರೇಟು ಮಾತ್ರ ಕೇಳಬೇಡಿ.