ಕಕ್ಕಡದ ಮಳೆಯೂ ನಮ್ಮ ಜಿರಾ ಸರ್ವರೂ

ಮಡಿಕೇರಿಯಲ್ಲಿ ನಮ್ಮದು ಆರು ಜನರ ಸಾಫ್ಟ್‌ವೇರ್ ತಂಡ. ಬಗ್‌ಗಳ ಲೆಕ್ಕ, ರಿಲೀಸ್ ಪಟ್ಟಿ ಎಲ್ಲ ಜಿರಾದಲ್ಲಿತ್ತು. ತಂಡದ ಕೆಲಸಗಳ ಜಾಡು ಇಡುವ ತಂತ್ರಾಂಶ ಅದು, ಹಿಂದಿನ ಕೋಣೆಯ ನಮ್ಮದೇ ಸರ್ವರ್‌ನಲ್ಲಿ ಓಡುತ್ತಿತ್ತು. ಕೊಡಗಿನ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಸಿಲ್ವರ್ ಓಕ್ ಮರ ಲೈನ್ ಮೇಲೆ ಬಿದ್ದರೆ ಕರೆಂಟಿಲ್ಲ. ಯುಪಿಎಸ್ ಎಷ್ಟು ಹೊತ್ತು ಎಳೆದೀತು? ಸಾಲದ್ದಕ್ಕೆ, ಜಿರಾದ ಈ ಸರ್ವರ್ ಆವೃತ್ತಿಗೆ ಕಂಪನಿಯಿಂದ 2024ರ ಫೆಬ್ರವರಿ 15ಕ್ಕೇ ಬೆಂಬಲ ನಿಂತಿತ್ತು. ಕಂಪನಿಯೇ ಇಂಟರ್ನೆಟ್ಟಿನಲ್ಲಿ ನಡೆಸುವ ಕ್ಲೌಡ್ ಜಿರಾಕ್ಕೆ ಹೋಗೋಣ ಅಂದೆ.

ಡೇಟಾ ಸಾಗಿಸುವ ಜಿರಾದ್ದೇ ಸಾಧನ ಮೈಗ್ರೇಷನ್ ಅಸಿಸ್ಟೆಂಟ್ ಹಾಕಿ ಮೊದಲು ಖಾಲಿ ಸೈಟಿಗೆ ಪ್ರಯೋಗ ಮಾಡಿದೆ. ಯೂಸರ್‌ಗಳ ಹತ್ತಿರವೇ ಸಿಕ್ಕಿಬಿತ್ತು. ಕ್ಲೌಡ್‌ನಲ್ಲಿ ಇಮೇಲೇ ಗುರುತು. ನಮ್ಮಲ್ಲೋ ಮೂರು ಖಾತೆಗೆ ಒಂದೇ ವಿಳಾಸ, ಕೆಲಸ ಬಿಟ್ಟವರ ಖಾತೆಗೆ ವಿಳಾಸವೇ ಇಲ್ಲ. (ಆ ಮೂರನ್ನು ಮಾಡಿದವನು ನಾನೇ, ಸುಮ್ನೆ ಟೆಸ್ಟಿಗೆ ಅಂತ.) ಹಳೆಯ ಸರ್ವರ್‌ನಲ್ಲೇ ಒಂದೊಂದಕ್ಕೂ ಬೇರೆ ಬೇರೆ ಇಮೇಲ್ ಕೊಟ್ಟು ಮತ್ತೆ ಓಡಿಸಿದೆ. ಸಲೀಸಾಗಿ ಹೋಯಿತು.

ಸ್ಕ್ರೀನ್‌ಶಾಟುಗಳು ಜಾಸ್ತಿ, ನಮ್ಮ ಇಂಟರ್ನೆಟ್ ನಿಧಾನ. ಹಾಗಾಗಿ ಅಟ್ಯಾಚ್‌ಮೆಂಟ್‌ಗಳನ್ನು ಮಾತ್ರ ಮುಂಚೆಯೇ ರಾತ್ರಿ ಹೊತ್ತು ಕಳಿಸಿಟ್ಟೆ. ಉಳಿದದ್ದು ಭಾನುವಾರ ಬೆಳಿಗ್ಗೆ. ಹಳೆಯ ಪಾಸ್‌ವರ್ಡ್ ಜೊತೆಗೆ ಬರುವುದಿಲ್ಲ ಅಂತ ತಂಡಕ್ಕೆ ಹೇಳಲು ಮರೆತೆ. ಸೋಮವಾರ ಫೋನೋ ಫೋನು!

ಈಗ ಕರೆಂಟು ಹೋದರೂ ಮೊಬೈಲ್ ಹಾಟ್‌ಸ್ಪಾಟಲ್ಲಿ ಕೆಲಸ ನಡೆಯುತ್ತದೆ, ಟವರ್ ಇರುವಷ್ಟು ಹೊತ್ತು.